ವೈದ್ಯರಿಗೆ ಹೇಳದೆ ಉಳಿದ ಮಾತು

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಹೇಶ್ ಅವರಿಗೆ 29 ವರ್ಷ. ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿರುವ ಅವರು ಕಾಲೇಜಿನ ದಿನಗಳಿಂದ ಕಬಡ್ಡಿ ಆಡಿಕೊಂಡು ಬಂದವರು. ತೊಡೆಸಂದಿನ ನೋವು ಎರಡು ವರ್ಷ ಕಾಡಿದ ಮೇಲೆ ಎಂ.ಆರ್.ಐ. ಮಾಡಿಸಿದಾಗ, ತೊಡೆಮೂಳೆಯ ತಲೆಭಾಗವು ಸೊಂಟದ ಕೀಲಿನಲ್ಲಿ ಅದು ಕೂರುವ ಬಟ್ಟಲಿನ ಅಂಚಿಗೆ ಮತ್ತೆ ಮತ್ತೆ ತಾಗಿ, ಅಲ್ಲಿರುವ ಲೇಬ್ರಮ್ ಎಂಬ ಮೆದು ಅಂಚುಪಟ್ಟಿ ಹರಿದಿರುವುದು ತಿಳಿಯಿತು. ಆರ್ತ್ರೋಸ್ಕೋಪಿ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಕೀಲಿನೊಳಗೆ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಿಂದ, ಅದನ್ನು ಸರಿಪಡಿಸಲಾಯಿತು. ಅದಾದ ಐದನೆಯ ವಾರದಲ್ಲಿ ಅವರ ಅಕ್ಕ ಅವರನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದರು. ನಿದ್ದೆಯಿಲ್ಲ, ವ್ಯಾಯಾಮ ಬಿಟ್ಟಿದ್ದಾನೆ, ನಿಶ್ಚಯವಾದ ಮದುವೆಯನ್ನು ಮುಂದೂಡಿ ಎನ್ನುತ್ತಾನೆ ಎಂಬುದು ಅವರ ಅಳಲು.

ಮೊದಲ ಭೇಟಿಯಲ್ಲಿ ಮಹೇಶ್ ಮನೆಯವರ ಮಾತನ್ನಷ್ಟೇ ಹೇಳಿಕೊಂಡರು. ಬೆರಳ ತುದಿಯಷ್ಟು ಅಗಲದ ಎರಡು ಮೂರು ಗಾಯದ ಗುರುತುಗಳನ್ನು ನೋಡಿದ ತಂದೆಯವರಿಗೆ, ಇಷ್ಟಕ್ಕೆ ಇನ್ನೂ ಊರುಗೋಲು ಯಾಕೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಏನು ಕಷ್ಟ ಎಂಬ ಪ್ರಶ್ನೆ. ಚರ್ಮದ ಮೇಲಿನ ಗಾಯ ಹತ್ತು ಹದಿನೈದು ದಿನದಲ್ಲಿ ಮಾಯುತ್ತದೆ. ಒಳಗೆ ಮೂಳೆಗೆ ಕಟ್ಟಿದ ಅಂಚು ಗಟ್ಟಿಯಾಗಿ ಕೂಡಿಕೊಳ್ಳಲು ತಿಂಗಳುಗಳು ಬೇಕು. ಆಟಕ್ಕೆ ಮರಳುವವರು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಕಾಯುತ್ತಾರೆ. ಅಲ್ಲಿಯವರೆಗೆ ಕುಕ್ಕರಗಾಲಲ್ಲಿ ಕೂರುವುದು, ಕಾಲು ಮಡಚಿ ತಿರುಚುವುದು ಫಿಸಿಯೋಥೆರಪಿಸ್ಟ್ ಒಪ್ಪಿಗೆಯಿಲ್ಲದೆ ಸಲ್ಲದು. ಇದನ್ನು ತಂದೆಯವರನ್ನೇ ಕರೆಸಿ ವಿವರಿಸಿದೆ. ಅವರು ಒಪ್ಪಿದರು, ಮನೆಗೆ ಕಮೋಡ್ ಕುರ್ಚಿಯನ್ನೂ ತಂದರು. ಆದರೆ ಮಗನ ನಿದ್ದೆ ಮರಳಲಿಲ್ಲ.

ಮೂರನೆಯ ಭೇಟಿಯಲ್ಲಿ ಅಕ್ಕನನ್ನು ಹೊರಗೆ ಕೂರಲು ಕೇಳಿಕೊಂಡ ಮಹೇಶ್, ಬಾಯಲ್ಲಿ ಹೇಳಲಾಗದೆ, ವ್ಯಾಯಾಮದ ಚೀಟಿಯ ಹಿಂದೆ ಬರೆದು ಕೊಟ್ಟರು: ಶಸ್ತ್ರಚಿಕಿತ್ಸೆಯ ಮರುದಿನದಿಂದ ಜನನಾಂಗದ ಒಂದು ಪಕ್ಕ ಮರಗಟ್ಟಿದಂತಿದೆ. ತಾನು ಮದುವೆಗೆ ತಕ್ಕವನಲ್ಲ ಎಂದು ಅವರು ಅಂದಿನಿಂದ ಒಬ್ಬರೇ ತೀರ್ಮಾನಿಸಿಕೊಂಡಿದ್ದರು. ಗಂಡಸರು ಈ ಮಾತನ್ನು ಎಷ್ಟು ದಿನ ನುಂಗಿಕೊಂಡು ಇರಬಲ್ಲರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಸೊಂಟದ ಕೀಲು ಬಹಳ ಆಳದಲ್ಲಿದೆ. ಉಪಕರಣ ಒಳಹೋಗುವಷ್ಟು ಜಾಗ ಮಾಡಲು, ಸಾಮಾನ್ಯವಾಗಿ ತೊಡೆಗಳ ನಡುವೆ ಮೆತ್ತೆ ಸುತ್ತಿದ ಕಂಬವಿಟ್ಟು ಕಾಲನ್ನು ಎಳೆದು ಹಿಡಿಯುತ್ತಾರೆ. ಆ ಒತ್ತಡದಿಂದ ಅಲ್ಲಿನ ನರ ಕೆಲಕಾಲ ಮಂದವಾಗುವುದುಂಟು, ಹೆಚ್ಚಿನವರಲ್ಲಿ ಅದು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ. ಇಷ್ಟನ್ನು ಹೇಳಿ, ಅವರ ವಿಷಯದಲ್ಲಿ ಕಾರಣ ಇದೇ ಎಂದು ನಿಶ್ಚಯಿಸಬೇಕಾದವರು ಶಸ್ತ್ರಚಿಕಿತ್ಸಕರೇ ಹೊರತು ನಾನಲ್ಲ ಎಂದು ಸ್ಪಷ್ಟಪಡಿಸಿದೆ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದೆಯೇ ಎಂದೂ ಕೇಳಿದೆ. ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಇಲ್ಲ ಎಂದರು. ಮೀನಖಂಡ ಊದಿಕೊಂಡು ನೋಯುವುದು, ಉಸಿರು ಕಟ್ಟುವುದು, ಜ್ವರ, ಗಾಯದಲ್ಲಿ ಕೀವು ಕಂಡರೂ ಕಾಯಬಾರದೆಂದು ತಿಳಿಸಿದೆ.

ನನ್ನ ಸಲಹೆ ಮುಖ್ಯವಾಗಿ ಒಂದೇ ಆಗಿತ್ತು: ಆ ಚೀಟಿಯನ್ನು ಹಾಗೆಯೇ ವೈದ್ಯರ ಕೈಗೆ ಕೊಡಿ. ಅವರ ಮುಂದೆ ಮಾತು ಹೊರಡದಿದ್ದರೂ ಬರಹ ಸಾಕು. ವೈದ್ಯರು ನೋಡುವವರೆಗೆ ಮದುವೆಯ ಬಗ್ಗೆ ಯಾರಿಗೂ ಯಾವ ಮಾತನ್ನೂ ಕೊಡಬೇಡಿ, ಮುರಿಯಲೂ ಬೇಡಿ. ರಾತ್ರಿ ಎದ್ದು ಸ್ಪರ್ಶವನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸ ಭಯವನ್ನು ಬೆಳೆಸುತ್ತಿದ್ದುದರಿಂದ ಅದನ್ನು ವಾರಕ್ಕೊಮ್ಮೆಗೆ ಇಳಿಸಿ, ನಿಗದಿಯಾದ ವ್ಯಾಯಾಮವನ್ನು ಅಕ್ಕನ ಜೊತೆ ಮತ್ತೆ ಆರಂಭಿಸುವುದೆಂದು ಒಪ್ಪಂದವಾಯಿತು.

ವೈದ್ಯರು ಪರೀಕ್ಷಿಸಿ, ನರದ ಮೇಲಿನ ಒತ್ತಡದ್ದೇ ಪರಿಣಾಮವೆಂದು ಧೈರ್ಯ ಹೇಳಿದರು. ಹನ್ನೊಂದನೆಯ ವಾರದ ಹೊತ್ತಿಗೆ ಸ್ಪರ್ಶ ಬಹುಮಟ್ಟಿಗೆ ಮರಳಿತ್ತು. ಮಹೇಶ್ ಈಗ ಶಾಲೆಯ ಮೈದಾನದಲ್ಲಿ ನಿಂತು ಮಕ್ಕಳ ಆಟಕ್ಕೆ ಸೀಟಿ ಊದುತ್ತಾರೆ. ತಾವು ಅಂಕಣಕ್ಕೆ ಇಳಿಯುವ ಮಾತು ಆರನೆಯ ತಿಂಗಳ ತಪಾಸಣೆಯ ನಂತರ. ಮದುವೆಯ ದಿನಾಂಕವನ್ನು ಎರಡೂ ಮನೆಯವರು ಕೂತು ಗೊತ್ತುಮಾಡಿದ್ದಾರೆ.