ಉತ್ತರ ಆಸ್ಟ್ರೇಲಿಯಾಕ್ಕೆ ಕ್ಯಾರವಾನ್ ಪ್ರವಾಸ: ಮೊದಲು ತಿಂಗಳು ನೋಡಿ, ಆಮೇಲೆ ಗಾಡಿ

ಮೆಲ್ಬರ್ನ್, ಸಿಡ್ನಿ, ಅಡಿಲೇಡ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದ ಕಿಂಬರ್ಲಿ, ಕಕಾಡು, ಕೇಪ್ ಯಾರ್ಕ್ ಕಡೆಯ ಪ್ರವಾಸದ ಬಗ್ಗೆ ಬರುವ ಪತ್ರಗಳಲ್ಲಿ ಅವೇ ಕೆಲವು ಪ್ರಶ್ನೆಗಳು ಮರಳಿ ಮರಳಿ ಬರುತ್ತಿವೆ. ಅವುಗಳಲ್ಲಿ ಒಂದು ಪ್ರಾಣಕ್ಕೇ ಎರವಾಗುವಂಥದ್ದಾದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಕ್ಯಾರವಾನನ್ನು ಕೊಂಡಿಗೆ ಸಿಕ್ಕಿಸುವುದು, ರಿವರ್ಸ್ ತೆಗೆಯುವುದು, ಸ್ಟೆಪ್ನಿ ಬದಲಿಸುವುದು ಮುಂತಾದವನ್ನು ಇಲ್ಲಿ ವಿವರಿಸುವುದಿಲ್ಲ. ಅವನ್ನು ಊರಿನಲ್ಲೇ ಕಲಿಯದವರು ಉತ್ತರಕ್ಕೆ ಹೊರಡಲೇಬಾರದು.

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮಕ್ಕಳಿಗೆ ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ರಜೆ. ಆಗ ಮೈಸೂರಿನಿಂದ ಅಪ್ಪ, ಅಮ್ಮನೂ ಬರುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕ್ಯಾರವಾನ್ ಎಳೆದುಕೊಂಡು ಡಾರ್ವಿನ್, ಕಕಾಡು ನೋಡಿ, ಗಿಬ್ ರಿವರ್ ರಸ್ತೆಯ ಮೂಲಕ ಬ್ರೂಮ್ ತಲುಪುವ ಯೋಚನೆಯಿದೆ. ಮಳೆಗಾಲದಲ್ಲಿ ಜಲಪಾತಗಳು ತುಂಬಿ ಹರಿಯುತ್ತವೆ, ಜನಸಂದಣಿಯೂ ಇರುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಗಾಡಿಗೆ ಸ್ನಾರ್ಕಲ್ ಹಾಕಿಸಿದ್ದೇವೆ. ಇನ್ನೇನು ತಯಾರಿ ಬೇಕು?

ಉತ್ತರ: ಈ ತಿಂಗಳುಗಳಲ್ಲಿ ಈ ಪ್ರವಾಸವನ್ನು ಕೈಬಿಡಿ. ಇದಕ್ಕೆ ತಯಾರಿ ಎಂಬುದೇ ಇಲ್ಲ. ದಕ್ಷಿಣದ ಬೇಸಿಗೆ ರಜೆಯೇ ಉತ್ತರದ ಮಳೆಗಾಲ. ಡಾರ್ವಿನ್‌ನಲ್ಲಿ ವರ್ಷಕ್ಕೆ ಬೀಳುವ ಸುಮಾರು 1,700 ಮಿ.ಮೀ. ಮಳೆಯ ಬಹುಪಾಲು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೀಳುತ್ತದೆ. ಜನವರಿ ಒಂದರಲ್ಲೇ ಸರಾಸರಿ 400 ಮಿ.ಮೀ.ಗೂ ಹೆಚ್ಚು. ಚಂಡಮಾರುತಗಳ ಅವಧಿಯೂ ಇದೇ ಆರು ತಿಂಗಳು. ಡಾರ್ವಿನ್ ನಗರವನ್ನು ನೆಲಸಮ ಮಾಡಿದ ಟ್ರೇಸಿ ಚಂಡಮಾರುತ ಅಪ್ಪಳಿಸಿದ್ದು 1974ರ ಕ್ರಿಸ್‌ಮಸ್ ದಿನದ ನಸುಕಿನಲ್ಲಿ, ಅಂದರೆ ನೀವು ಹೊರಡಬೇಕೆಂದಿರುವ ವಾರದಲ್ಲೇ.

ಗಿಬ್ ರಿವರ್ ರಸ್ತೆ ಡರ್ಬಿಯಿಂದ ಕುನುನುರಾ ಮತ್ತು ವಿಂಡಮ್ ನಡುವಿನ ಹೆದ್ದಾರಿಯವರೆಗೆ ಸುಮಾರು 660 ಕಿ.ಮೀ. ಉದ್ದವಿದ್ದು, ಅದರ ಬಹುಭಾಗ ಜಲ್ಲಿ ಮತ್ತು ಮಣ್ಣಿನದು. ಮಳೆಗಾಲದಲ್ಲಿ ಅದನ್ನು ಸರ್ಕಾರವೇ ಮುಚ್ಚುತ್ತದೆ. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ಭಾರೀ ದಂಡ ತೆರಬೇಕಾಗುತ್ತದೆ, ಅವಘಡವಾದರೆ ವಿಮೆಯೂ ಕೈಗೆ ಸಿಗದು. ದಾರಿಯ ಕ್ಯಾಂಪ್‌ಗಳು, ದನದ ಸ್ಟೇಷನ್ನುಗಳ (ದನ ಸಾಕುವ ವಿಶಾಲ ಫಾರ್ಮ್‌ಗಳ) ತಂಗುದಾಣಗಳು ಆಗ ಬಾಗಿಲು ಹಾಕಿರುತ್ತವೆ. ಕಕಾಡುವಿನ ಜಿಮ್ ಜಿಮ್ ಜಲಪಾತ ತುಂಬಿ ಧುಮ್ಮಿಕ್ಕುವುದು ಮಳೆಗಾಲದಲ್ಲೇ ಎಂಬುದು ನಿಜ. ಆದರೆ ಅದರ ಬುಡಕ್ಕೆ ಹೋಗುವ ರಸ್ತೆ ಆಗ ನೀರಿನಡಿ ಇರುತ್ತದೆ, ಜನ ಅದನ್ನು ಸಣ್ಣ ವಿಮಾನದಿಂದ ನೋಡಿ ಬರುತ್ತಾರೆ. ನಿಮ್ಮ ಸ್ನೇಹಿತರು ಈ ಅರ್ಧವನ್ನು ಹೇಳಿಲ್ಲ.

‘ಹಾಗಿದ್ದರೆ ಡಾಂಬರು ಹೆದ್ದಾರಿಯಲ್ಲೇ ಹೋಗುತ್ತೇವೆ’ ಎಂಬ ಮರುಪತ್ರ ಬರುವುದು ನನಗೆ ಗೊತ್ತು. 2023ರ ಜನವರಿ ಮೊದಲ ವಾರದಲ್ಲಿ, ಎಲ್ಲೀ ಎಂಬ ಚಂಡಮಾರುತ ದುರ್ಬಲಗೊಂಡು ಒಳನಾಡಿನ ಮೇಲೆ ಸುಳಿದಾಡುತ್ತ ಸುರಿಸಿದ ಮಳೆಗೆ ಫಿಟ್ಜ್‌ರಾಯ್ ನದಿ 15 ಮೀಟರಿಗೂ ಮೇಲೇರಿ, ಗ್ರೇಟ್ ನಾರ್ದರ್ನ್ ಹೆದ್ದಾರಿಯ ಫಿಟ್ಜ್‌ರಾಯ್ ಕ್ರಾಸಿಂಗ್ ಸೇತುವೆಯನ್ನೇ ಮುರಿದುಹಾಕಿತು. ಕುನುನುರಾದಿಂದ ಬ್ರೂಮ್‌ಗೆ ಹೋಗಲು ಇರುವ ಡಾಂಬರು ರಸ್ತೆ ಅದೊಂದೇ. ಸಾಮಾನು ಸಾಗಿಸುವ ಲಾರಿಗಳು ಸಾವಿರಾರು ಕಿಲೋಮೀಟರ್ ಬಳಸಿಕೊಂಡು ದಕ್ಷಿಣದ ಮೂಲಕ ಓಡಬೇಕಾಯಿತು. ಹೊಸ ಸೇತುವೆ ತೆರೆದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಕಿಂಬರ್ಲಿ ಪ್ರದೇಶ ಕರ್ನಾಟಕದ ಎರಡರಷ್ಟಕ್ಕಿಂತ ವಿಶಾಲ. ಅಲ್ಲಿ ಒಂದು ರಸ್ತೆ ಕಡಿದರೆ ಪಕ್ಕದ ಹಳ್ಳಿಯ ಮೂಲಕ ಸುತ್ತಿ ಬರುವ ದಾರಿ ಇರುವುದಿಲ್ಲ.

ಸ್ನಾರ್ಕಲ್ ವಿಷಯ. ಅದು ಎಂಜಿನ್ ಒಳಕ್ಕೆ ನೀರು ಎಳೆಯದಂತೆ ತಡೆಯುವ ಕೊಳವೆ ಮಾತ್ರ, ಗಾಡಿಯನ್ನು ನೆಲಕ್ಕೆ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಎರಡೂವರೆ ಟನ್ ತೂಕದ ಫೋರ್ ವೀಲ್ ಡ್ರೈವ್ ಗಾಡಿ ಕೂಡ 45 ಸೆಂ.ಮೀ. ಆಳದ ಹರಿಯುವ ನೀರಿನಲ್ಲಿ ನೆಲೆ ತಪ್ಪುತ್ತದೆ ಎಂಬುದನ್ನು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪರೀಕ್ಷೆಗಳು ತೋರಿಸಿವೆ. ನಿಮ್ಮ ಬೆನ್ನಿಗಿರುವ ಕ್ಯಾರವಾನ್ ಒಳಗೆ ಗಾಳಿ ತುಂಬಿದ ಹಗುರ ಗೋಡೆಗಳ ಪೆಟ್ಟಿಗೆಯಾದ್ದರಿಂದ ಗಾಡಿಗಿಂತ ಮೊದಲು ಅದು ತೇಲಿ, ಪ್ರವಾಹದ ಕಡೆಗೆ ತಿರುಗಿ, ಗಾಡಿಯನ್ನು ತನ್ನೊಂದಿಗೆ ಎಳೆಯುತ್ತದೆ. ನೀರಿಗೆ ಇಳಿದು ನಡೆದು ಆಳ ನೋಡುತ್ತೇನೆಂದರೆ ಆ ಹೊಳೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ನೀರು ಇಳಿದ ಮೇಲೂ ಕಾರ್ಪೆಂಟೇರಿಯಾ ಕೊಲ್ಲಿಯ ಕಡೆಯ ಬಯಲುಗಳ ಕಪ್ಪುಮಣ್ಣು ಗದಗ, ವಿಜಯಪುರದ ಎರೆಹೊಲದಂತೆ ಚಕ್ರಕ್ಕೆ ಸುತ್ತಿಕೊಂಡು ದಿನಗಟ್ಟಲೆ ಗಾಡಿಯನ್ನು ಕದಲಲು ಬಿಡುವುದಿಲ್ಲ.

ಇನ್ನು ತಂದೆಯವರ ಮಾತು. ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡು ಮಾಡಿದ್ದು ಇದೇ. ಉತ್ತರದ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯನ್ನು ತರುವ ಬ್ಯಾಕ್ಟೀರಿಯಾ ಇದೆ. ಮಳೆಗಾಲದಲ್ಲಿ ಅದು ಮಣ್ಣಿನ ಮೇಲ್ಪದರಕ್ಕೂ ಕೆಸರು ನೀರಿಗೂ ಬಂದು, ಕಾಲಿನ ಸಣ್ಣ ಗಾಯದಿಂದಲೋ ಉಸಿರಿನಿಂದಲೋ ದೇಹ ಸೇರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೇ ಅದರ ಅಪಾಯ ಹೆಚ್ಚು, ಮತ್ತು ತಡವಾದರೆ ಅದು ಕೊಲ್ಲುತ್ತದೆ. ಉಡುಪಿ, ಮಂಗಳೂರಿನ ವೈದ್ಯರಿಗೆ ಈ ರೋಗ ಹೊಸದಲ್ಲ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ಓಡಾಡುವ ಅಭ್ಯಾಸದ ಹಿರಿಯರನ್ನು ಜನವರಿಯಲ್ಲಿ ಅಲ್ಲಿಗೆ ಕರೆದೊಯ್ಯುವುದಕ್ಕೆ ನಾನು ಒಪ್ಪಲಾರೆ. ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ 1928ರಿಂದ ಒಳನಾಡಿನ ಜನರ ಪ್ರಾಣ ಉಳಿಸುತ್ತ ಬಂದಿರುವ ಸಂಸ್ಥೆಯಾದರೂ, ಮಣ್ಣಿನ ರನ್‌ವೇ ನೆನೆದು ಕೆಸರಾದರೆ ಅವರ ವಿಮಾನವೂ ಇಳಿಯಲಾರದು.

‘ಡಿಸೆಂಬರಿನಲ್ಲೇ ಹೋಗಿ ಬಂದೆವು, ಏನೂ ಆಗಲಿಲ್ಲ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರೆಯುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಮಳೆ ತಡವಾದ ಒಂದು ವರ್ಷದಲ್ಲಿ ಪಾರಾಗಿ ಬಂದವರ ಅದೃಷ್ಟ ಇನ್ನೊಬ್ಬರ ಮಕ್ಕಳಿಗೆ ಸಲಹೆಯಾಗಬಾರದು.

ಹಾಗಾದರೆ ಯಾವಾಗ? ಮೇ ಕೊನೆಯಿಂದ ಆಗಸ್ಟ್‌ವರೆಗೆ. ಜೂನ್ ಮೊದಲ ವಾರಗಳಲ್ಲಿ ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ, ರಸ್ತೆಗಳು ಒಂದೊಂದಾಗಿ ತೆರೆಯುತ್ತಿರುತ್ತವೆ, ರಾತ್ರಿ ತಂಪಾಗಿರುತ್ತದೆ. ಸೆಪ್ಟೆಂಬರ್ ದಾಟಿದರೆ ಸೆಕೆ ಏರುತ್ತ ಹೋಗಿ, ಅಕ್ಟೋಬರ್, ನವೆಂಬರ್‌ನಲ್ಲಿ ಕುನುನುರಾದ ಹಗಲಿನ ಸರಾಸರಿ ಉಷ್ಣಾಂಶ 38, 39 ಡಿಗ್ರಿ ಮುಟ್ಟುತ್ತದೆ. ತಂದೆ, ತಾಯಿಯ ವೀಸಾ ಮತ್ತು ಟಿಕೆಟನ್ನು ಜೂನ್, ಜುಲೈಗೆ ಹೊಂದಿಸಿಕೊಳ್ಳಿ. ಶಾಲೆಯ ಎರಡು ವಾರದ ರಜೆ ಇದಕ್ಕೆ ಸಾಲದು. ಮೆಲ್ಬರ್ನ್‌ನಿಂದ ಡಾರ್ವಿನ್‌ಗೇ ಸುಮಾರು 3,700 ಕಿ.ಮೀ. ಇದೆ. ಶಾಲೆಯ ಒಪ್ಪಿಗೆ ಪಡೆದು ಎಂಟು ವಾರವಾದರೂ ಇಟ್ಟುಕೊಳ್ಳಿ, ಇಲ್ಲವೇ ಡಾರ್ವಿನ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿ ಬಾಡಿಗೆಗೆ ಹಿಡಿಯಿರಿ. ಬಾಡಿಗೆ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಅನುಮತಿ ಇದೆಯೇ ಎಂಬ ಸಾಲನ್ನು ಸಹಿ ಹಾಕುವ ಮೊದಲೇ ಓದಿ; ಹೆಚ್ಚಿನವು ಅದನ್ನು ಬಿಡುವುದಿಲ್ಲ. ಡಿಸೆಂಬರ್ ಬಿಟ್ಟರೆ ರಜೆಯೇ ಇಲ್ಲ ಎನ್ನುವವರಿಗೆ ಟಾಸ್ಮೇನಿಯಾ ಇದೆ.

ಒಣಗಾಲದಲ್ಲೂ ಸಾಮಾನ್ಯ ಕ್ಯಾರವಾನನ್ನು ಗಿಬ್ ರಸ್ತೆಗೆ ಒಯ್ಯಬೇಡಿ ಎಂಬುದೇ ನನ್ನ ಅಭಿಪ್ರಾಯ. ಸಾಲು ಸಾಲು ಉಬ್ಬುತಗ್ಗುಗಳ ಆ ರಸ್ತೆಯ ಅದುರುವಿಕೆ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಕಪಾಟಿನ ಸ್ಕ್ರೂಗಳು ತಾವಾಗಿಯೇ ತಿರುಗಿ ಹೊರಬರುತ್ತವೆ, ಚಾಸಿಗೆ ತಾಗಿದ ಗ್ಯಾಸ್ ಕೊಳವೆ ಉಜ್ಜಿ ಸವೆಯುತ್ತದೆ, ಶಾಕ್ ಅಬ್ಸಾರ್ಬರ್ ಕೈ ಇಡಲಾಗದಷ್ಟು ಕಾಯುತ್ತದೆ. ಕ್ಯಾರವಾನನ್ನು ಕುನುನುರಾದಲ್ಲೋ ಡರ್ಬಿಯಲ್ಲೋ ಬಿಟ್ಟು ಟೆಂಟಿನೊಂದಿಗೆ ಹೋಗುವುದು ಮೇಲು. ಟೈರಿನ ಗಾಳಿ ಇಳಿಸಿ, ವೇಗವನ್ನು 80ರ ಒಳಗಿಟ್ಟು, ಎರಡು ಸ್ಟೆಪ್ನಿ ಒಯ್ಯಿರಿ. ಡರ್ಬಿ ಬಿಟ್ಟರೆ ಸುಮಾರು 300 ಕಿ.ಮೀ. ದೂರದ ಮೌಂಟ್ ಬಾರ್ನೆಟ್‌ವರೆಗೆ ಇಂಧನ ಸಿಗುವ ಜಾಗಗಳು ತೀರ ಕಡಿಮೆ. ನೀರನ್ನು ಒಬ್ಬರಿಗೆ ದಿನಕ್ಕೆ 10 ಲೀಟರ್‌ನಂತೆ ಲೆಕ್ಕ ಹಾಕಿ, ಒಂದೇ ಟ್ಯಾಂಕಿನಲ್ಲಿ ಇಡದೆ ಹಂಚಿ ಇಡಿ. ಇನ್ಸುಲಿನ್‌ಗೆ ಗಾಡಿಯ 12 ವೋಲ್ಟ್ ಫ್ರಿಜ್ ಇರಲಿ, ಅದು ಹೆಪ್ಪುಗಟ್ಟದಂತೆ ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಸ್ಯಾಟಲೈಟ್ ಫೋನ್ ಜತೆಗೆ, ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ, ನೋಂದಾಯಿಸಿದ 406 ಮೆಗಾಹರ್ಟ್ಸ್ ಬೀಕನ್ ಒಯ್ಯಿರಿ. ಗಾಡಿ ಕೆಟ್ಟು ನಿಂತರೆ ಯಾವ ಕಾರಣಕ್ಕೂ ಅದನ್ನು ಬಿಟ್ಟು ನಡೆದು ಹೋಗಬಾರದು. ಹುಡುಕುವವರಿಗೆ ಆಕಾಶದಿಂದ ಮೊದಲು ಕಾಣುವುದು ಗಾಡಿಯೇ.

ಪ್ರಶ್ನೆ: ನಮ್ಮ ಗಾಡಿ 3,500 ಕೆ.ಜಿ. ಎಳೆಯಬಲ್ಲದು, ಕ್ಯಾರವಾನ್ ಕೂಡ ಅಷ್ಟೇ ತೂಕದ್ದು. ಅಂದ ಮೇಲೆ ತೊಂದರೆ ಇಲ್ಲವಲ್ಲ?

ಉತ್ತರ: ಇದೆ. ಗಾಡಿ ಮತ್ತು ಕ್ಯಾರವಾನ್ ಸೇರಿ ಇರಬೇಕಾದ ಒಟ್ಟು ತೂಕದ ಮಿತಿ ನಿಮ್ಮ ಕೈಪಿಡಿಯಲ್ಲಿದೆ. ಅದು 6,000 ಕೆ.ಜಿ. ಎಂದುಕೊಳ್ಳಿ. ಕ್ಯಾರವಾನ್ 3,500 ಇದ್ದರೆ ಗಾಡಿಗೆ ಉಳಿಯುವುದು 2,500. ಗಾಡಿಯ ಸ್ವಂತ ತೂಕವೇ 2,200 ಇದ್ದರೆ ಜನ, ಸಾಮಾನು ಎಲ್ಲಕ್ಕೂ ಸೇರಿ 300 ಕೆ.ಜಿ. ಮಾತ್ರ. ನಾಲ್ಕು ಜನ ಕುಳಿತರೆ ಅದು ಮುಗಿಯಿತು, ಅಕ್ಕಿ ಮೂಟೆಗೂ ಗ್ರೈಂಡರಿಗೂ ಜಾಗವಿಲ್ಲ. ಎಲ್ಲವನ್ನೂ ತುಂಬಿ, ಎಲ್ಲರೂ ಕುಳಿತು, ನೀರಿನ ಟ್ಯಾಂಕ್ ಭರ್ತಿ ಮಾಡಿಕೊಂಡು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. ಮಾರುವವರ ಮಾತಿಗಿಂತ ಆ ಚೀಟಿಯ ಅಂಕಿಯನ್ನು ನಂಬಿ.

ಪ್ರಶ್ನೆ: ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಗಾಯ ಕೊಯ್ದು ರಕ್ತ ಬಿಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಊರಿನಿಂದ ಹಾವಿನ ಕಲ್ಲನ್ನೂ ತರುತ್ತಿದ್ದಾರೆ. ಇಟ್ಟುಕೊಳ್ಳಬಹುದೇ?

ಉತ್ತರ: ಹಾವಿನ ಕಲ್ಲು ಶುದ್ಧ ಮೋಸ. ಅದನ್ನು ಮಾರುವವರು ಎಷ್ಟೋ ಜನರ ಜೀವಕ್ಕೆ ಬೇಕಾಗಿದ್ದ ಗಂಟೆಗಳನ್ನು ಕದ್ದಿದ್ದಾರೆ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಎರಡೂ ದೇಶಗಳಲ್ಲಿ ತಪ್ಪು. ಆಸ್ಟ್ರೇಲಿಯಾದ ವಿಷದ ಹಾವುಗಳಿಗೆ ಸ್ಟ್ರುವಾನ್ ಸದರ್‌ಲ್ಯಾಂಡ್ ಎಂಬ ವೈದ್ಯರು 1970ರ ದಶಕದಲ್ಲಿ ರೂಪಿಸಿದ ಕ್ರಮವೇ ಸರಿಯಾದದ್ದು. ಕಚ್ಚಿದ ಜಾಗವನ್ನು ತೊಳೆಯಬೇಡಿ. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಮೊದಲು ಕಚ್ಚಿದ ಜಾಗಕ್ಕೆ ಸುತ್ತಿ, ಆಮೇಲೆ ಬೆರಳುಗಳ ಕಡೆಯಿಂದ ತೊಡೆಯವರೆಗೆ, ಉಳುಕಿದ ಕಾಲಿಗೆ ಕಟ್ಟುವಷ್ಟು ಬಿಗಿಯಾಗಿ ಸುತ್ತಬೇಕು. ಕೋಲು ಕಟ್ಟಿ ಕಾಲು ಅಲುಗದಂತೆ ಮಾಡಿ, ಕಚ್ಚಿದ ಜಾಗ ಎಲ್ಲಿದೆಯೆಂದು ಬ್ಯಾಂಡೇಜಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಆ ವ್ಯಕ್ತಿಯನ್ನು ಒಂದು ಹೆಜ್ಜೆಯೂ ನಡೆಸದೆ ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಿ. ಆಸ್ಪತ್ರೆಯವರು ಹೇಳುವ ತನಕ ಕಟ್ಟು ಬಿಚ್ಚಬಾರದು. ಇದನ್ನು ಊರಿಗೆ ಹೋದಾಗ ಹಾಗೆಯೇ ಅನ್ವಯಿಸಬೇಡಿ. ಕೊಳಕುಮಂಡಲದಂಥ ಹಾವು ಕಚ್ಚಿದಾಗ ಬಿಗಿ ಕಟ್ಟು ಅಲ್ಲಿನ ಮಾಂಸಖಂಡಕ್ಕೆ ಇನ್ನಷ್ಟು ಹಾನಿ ಮಾಡಬಹುದು. ಟೆಂಟಿನ ಸುತ್ತ ಬೆಳ್ಳುಳ್ಳಿ ಎರಚುವುದರಿಂದ ಹಾವು ದೂರ ಇರುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಮತ್ತು ಮುಚ್ಚಿದ ಬೂಟು ಇರಲಿ.

ಪ್ರಶ್ನೆ: ನೀರು ತಿಳಿಯಾಗಿದ್ದು ಮೊಸಳೆ ಕಾಣದಿದ್ದರೆ ಈಜಬಹುದೇ?

ಉತ್ತರ: ಈಜಲು ತೆರೆದಿದೆ ಎಂದು ಪಾರ್ಕಿನವರು ಅಂದಿನ ಮಟ್ಟಿಗೆ ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯಬೇಡಿ, ನೀರಿನಂಚಿನಿಂದ 50 ಮೀಟರ್ ಒಳಗೆ ಟೆಂಟ್ ಹಾಕಬೇಡಿ.

ಪ್ರಶ್ನೆ: ಬಿಸಿಲು ತಪ್ಪಿಸಲು ರಾತ್ರಿ ಗಾಡಿ ಓಡಿಸಬಹುದೇ?

ಉತ್ತರ: ಬೇಡ; ಬೇಲಿಯಿಲ್ಲದ ರಸ್ತೆಯ ಮೇಲೆ ದನ ಮಲಗಿರುತ್ತವೆ, ಕಾಂಗರೂ ಹಾರುತ್ತವೆ, ಎದುರಿಗೆ ಹಲವು ಟ್ರೇಲರ್‌ಗಳನ್ನು ಎಳೆಯುವ, 53.5 ಮೀಟರ್‌ವರೆಗೆ ಉದ್ದವಿರುವ ರೋಡ್ ಟ್ರೈನ್ ಎಂಬ ಲಾರಿ ಬರುತ್ತದೆ.

ಪ್ರಶ್ನೆ: ಜನವಸತಿ ಇಲ್ಲದ ಜಾಗವಾದ್ದರಿಂದ ಎಲ್ಲಿ ಬೇಕಾದರೂ ತಂಗಬಹುದಲ್ಲವೇ?

ಉತ್ತರ: ಇಲ್ಲ. ನಿಮ್ಮ ಕಣ್ಣಿಗೆ ಖಾಲಿಯಾಗಿ ಕಾಣುವ ಆ ನೆಲಕ್ಕೆ ಹಕ್ಕುದಾರರಿದ್ದಾರೆ. ಕಕಾಡುವಿನ ಪೂರ್ವಕ್ಕಿರುವ, ಮೂಲನಿವಾಸಿಗಳ ಒಡೆತನದ ಆರ್ನ್‌ಹೆಮ್ ಲ್ಯಾಂಡ್‌ಗೆ ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನ ಪರವಾನಗಿ ಮೊದಲೇ ಪಡೆಯಬೇಕು.

ಪ್ರಶ್ನೆ: ಎರಡು ವಾರಕ್ಕಾಗುವಷ್ಟು ತರಕಾರಿ, ಕರಿಬೇವು, ಜೇನುತುಪ್ಪ ಡಾರ್ವಿನ್‌ನಲ್ಲೇ ಕೊಂಡು ಕಿಂಬರ್ಲಿಗೆ ಒಯ್ಯಬಹುದೇ?

ಉತ್ತರ: ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ, ಕುನುನುರಾಕ್ಕೆ ಮೊದಲು ಸಿಗುವ ಕ್ವಾರಂಟೈನ್ ಠಾಣೆಯಲ್ಲಿ ಹಸಿ ಹಣ್ಣು, ತರಕಾರಿ, ಸೊಪ್ಪು, ಜೇನು ಎಲ್ಲವನ್ನೂ ಒಪ್ಪಿಸಬೇಕಾಗುತ್ತದೆ. ಬಚ್ಚಿಟ್ಟು ದಾಟಲು ಯತ್ನಿಸಬೇಡಿ, ಅಲ್ಲಿನ ರೈತರ ಬೆಳೆಗೆ ರೋಗ ಹೋಗುವುದು ಹಾಗೆಯೇ. ಬೇಳೆ, ಅಕ್ಕಿ, ಮಸಾಲೆ ಪುಡಿಗಳನ್ನು ಗಟ್ಟಿ ಡಬ್ಬಿಯಲ್ಲಿ ಒಯ್ದು, ತರಕಾರಿಯನ್ನು ಗಡಿ ದಾಟಿದ ಮೇಲೆ ಕುನುನುರಾದಲ್ಲಿ ಕೊಳ್ಳಿ. ಅಲ್ಲಿ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ, ಕತ್ತಲಾಗುವ ಹೊತ್ತಿನ ಲೆಕ್ಕ ಅದರಿಂದ ಬದಲಾಗುತ್ತದೆ.