ಗಾಲ್ಫ್ ಆಡಲೆಂದೇ ಹತ್ತು ದಿನ ರಜೆ ಹಾಕಿದರೆ ಯಾವ ಕೋರ್ಸ್‌ಗಳಿಗೆ ಹೋಗಬೇಕು?

ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಆಟ ಚೆನ್ನ) 20ರ ಹತ್ತಿರ, ಕೈಯಲ್ಲಿ ಹತ್ತು ದಿನ, ಜೊತೆಗೆ ಒಬ್ಬ ಗೆಳೆಯ ಅಂತ ಬರೆದಿದ್ದೀರಿ. ಜಗತ್ತಿನ ಹೆಸರುವಾಸಿ ಕೋರ್ಸ್‌ಗಳ ಪಟ್ಟಿಯನ್ನೂ ಹಾಕಿದ್ದೀರಿ. ಅದರಲ್ಲಿರುವ ಅಗಸ್ಟಾ ನ್ಯಾಷನಲ್, ಪೈನ್ ವ್ಯಾಲಿ, ಸೈಪ್ರೆಸ್ ಪಾಯಿಂಟ್ ಮೂರನ್ನೂ ಮೊದಲು ಹೊಡೆದುಹಾಕಿ. ಸದಸ್ಯರ ಪರಿಚಯ ಇಲ್ಲದೆ ಅಲ್ಲಿ ಒಳಗೆ ಹೋಗುವುದು ಕಷ್ಟ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಈ ಆಟ ಬೆಳೆದ ಜಾಗವೇ ಎಲ್ಲರಿಗೂ ತೆರೆದಿದೆ.

ನನ್ನ ಮೊದಲ ಗಾಲ್ಫ್ ಪ್ರವಾಸದಲ್ಲಿ ಏಳು ದಿನಕ್ಕೆ ಆರು ಕೋರ್ಸ್ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಆಟ, ಮಧ್ಯಾಹ್ನ ಕಾರು, ರಾತ್ರಿ ಹೊಸ ಹೋಟೆಲ್. ಈಗ ನೆನೆಸಿಕೊಂಡರೆ ಯಾವ ಹೋಲ್ (ಮೊದಲ ಹೊಡೆತದಿಂದ ಗುಳಿಯವರೆಗಿನ ಒಂದು ಭಾಗ) ಯಾವ ಕೋರ್ಸಿನದು ಅಂತ ಎಲ್ಲ ಕಲಸಿಹೋಗಿದೆ. ಚೆನ್ನಾಗಿ ನೆನಪಿರುವುದು ಎರಡು ಸಲ ಆಡಿದ ಒಂದೇ ಒಂದು ಕೋರ್ಸ್. ಆಮೇಲಿನ ಪ್ರವಾಸಗಳಲ್ಲಿ ಒಂದೇ ಕರಾವಳಿ ಹಿಡಿದು, ಇಷ್ಟವಾದ ಕೋರ್ಸನ್ನು ಎರಡು ಸಲ ಆಡುತ್ತಾ ಬಂದಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ನನ್ನನ್ನು ಕೇಳಿದರೆ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬೀಡು ಬಿಡಿ. ಓಲ್ಡ್ ಕೋರ್ಸ್ ಅನ್ನುವುದು ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಸಾರ್ವಜನಿಕ ಜಾಗ. ಆಡಲು ಎರಡು ದಿನ ಮುಂಚೆ ಬ್ಯಾಲೆಟ್‌ಗೆ ಹೆಸರು ಕೊಡಬೇಕು, ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಕಡಿಮೆ ಅಂದರೆ ಇಬ್ಬರಿರಬೇಕು, ನೀವು ಇಬ್ಬರಿರುವುದರಿಂದ ಹಾಕಬಹುದು. ಬರಲಿಲ್ಲ ಅಂದರೆ ಮರುದಿನ ಮತ್ತೆ ಹಾಕಿ. ಒಂದೇ ಊರಲ್ಲಿ ಐದಾರು ದಿನ ಇರಿ ಅನ್ನುವುದಕ್ಕೆ ಇದೂ ಒಂದು ಕಾರಣ. ಬರದ ದಿನ ಕೈಕಟ್ಟಿ ಕೂರಬೇಕಾಗಿಲ್ಲ, ಅದೇ ಊರಲ್ಲಿ ಇನ್ನೂ ಆರು ಕೋರ್ಸ್‌ಗಳಿವೆ. ಪಕ್ಕದಲ್ಲೇ ಇರುವುದರ ಹೆಸರು ನ್ಯೂ ಕೋರ್ಸ್. ಹೆಸರಿಗೆ ಹೊಸದು, ಮಾಡಿದ್ದು 1895ರಲ್ಲಿ!

ಒಂದು ಮಾತು. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ. ಅದನ್ನು ನೋಡಿ ಭಾನುವಾರ ತಪ್ಪಿಸಿ ಟಿಕೆಟ್ ಮಾಡುವವರಿದ್ದಾರೆ. ನೀವು ಉಲ್ಟಾ ಮಾಡಿ, ಶನಿವಾರವೇ ತಲುಪಿ. ಭಾನುವಾರ ಅದು ಊರಿನವರ ಪಾರ್ಕ್. ನಾಯಿ, ಮಕ್ಕಳನ್ನು ಕರೆದುಕೊಂಡು ಫೇರ್‌ವೇ (ಆಡುವ ಹುಲ್ಲುಹಾದಿ) ಮೇಲೇ ಓಡಾಡುತ್ತಿರುತ್ತಾರೆ. ನೀವೂ 18ನೇ ಗ್ರೀನ್‌ನಿಂದ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಶುರು ಮಾಡಿ ನಡೆಯುತ್ತಾ ಹೋಗಿ. ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತಾಗ ಕಣ್ಣಿಗೇ ಬೀಳದ ಬಂಕರ್‌ಗಳು, ಅಂದರೆ ಮರಳಿನ ಗುಂಡಿಗಳು, ಹತ್ತಿರ ಹೋದರೆ ಒಂದೊಂದಾಗಿ ಬಾಯಿ ತೆರೆದುಕೊಳ್ಳುತ್ತವೆ. 17ರ ಗ್ರೀನ್ ಪಕ್ಕದ ರೋಡ್ ಹೋಲ್ ಬಂಕರ್‌ನ ಅಂಚಿಗೆ ಹೋಗಿ ಸುಮ್ನೆ ಒಳಗೆ ಬಗ್ಗಿ ನೋಡಿ. 1978ರ ಓಪನ್‌ನಲ್ಲಿ (ಬ್ರಿಟನ್ನಿನ ದೊಡ್ಡ ಗಾಲ್ಫ್ ಚಾಂಪಿಯನ್‌ಶಿಪ್) ಜಪಾನಿನ ಟಾಮಿ ನಕಾಜಿಮಾ ಇದರಿಂದ ಹೊರಗೆ ಬರಲಾಗದೆ ಆ ಹೋಲ್‌ಗೆ 9 ಹೊಡೆತ ತೆಗೆದುಕೊಂಡರು. 14ರಲ್ಲಿರುವ ಹೆಲ್ ಬಂಕರ್‌ನಿಂದ ಆಚೆ ಬರಲು 1995ರಲ್ಲಿ ದಿಗ್ಗಜ ಜ್ಯಾಕ್ ನಿಕ್ಲಾಸ್‌ಗೇ ನಾಲ್ಕು ಹೊಡೆತ ಬೇಕಾಯಿತು. ಭಾನುವಾರ ಇವನ್ನೆಲ್ಲ ಕಾಲಳತೆಯಲ್ಲಿ ನೋಡಿಕೊಂಡರೆ ಸೋಮವಾರದ ಆಟವೇ ಬೇರೆ.

ಇಲ್ಲಿ ಗ್ರೀನ್‌ಗಳೂ ವಿಚಿತ್ರ. ಏಳು ದೊಡ್ಡ ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ. 2 ಮತ್ತು 16, 3 ಮತ್ತು 15, ಹೀಗೆ ಯಾವ ಜೋಡಿ ಕೂಡಿಸಿದರೂ 18. ನೀವು ಪಟ್ ಮಾಡುತ್ತಿರುವಾಗ (ಗುಳಿಯತ್ತ ಚೆಂಡು ಉರುಳಿಸುವಾಗ) ಆ ಕಡೆಯಿಂದ ವಾಪಸ್ ಬರುವ ಗುಂಪು ಅದೇ ಗ್ರೀನ್‌ನ ಇನ್ನೊಂದು ತುದಿಯಲ್ಲಿ ಆಡುತ್ತಿರುತ್ತದೆ.

ನನಗೆ ಅಲ್ಲಿ ಪಾಠ ಆದದ್ದು ಒಂದು ಸಣ್ಣ ಹೊಡೆತದಿಂದ. ಗ್ರೀನ್‌ಗೆ ಇನ್ನೂ 40 ಗಜ ಇತ್ತು. ಅಭ್ಯಾಸಬಲ, ಚೆಂಡನ್ನು ಎತ್ತರಕ್ಕೆ ಹಾರಿಸುವ ಕೋಲು, ವೆಡ್ಜ್, ತೆಗೆದೆ. ಕೋಲುಗಳ ಚೀಲ ಹೊರುವ ಕ್ಯಾಡಿ ಏನೂ ಮಾತಾಡಲಿಲ್ಲ. ವೆಡ್ಜ್ ಇಸಿದುಕೊಂಡು ಚೆಂಡನ್ನು ನೆಲದ ಮೇಲೆ ಉರುಳಿಸುವ ಪಟರ್ ಕೈಗಿಟ್ಟರು, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಒಂದು ಉಬ್ಬಿನ ಮೇಲೆ ನಿಂತು, ಚೆಂಡು ಇಲ್ಲಿಗೆ ಬರಲಿ ಅಂತ ಬೂಟಿನ ತುದಿಯಿಂದ ತೋರಿಸಿದರು. ಆ ಉಬ್ಬು ಇದ್ದದ್ದು ಬಾವುಟದಿಂದ ಎಷ್ಟೋ ಬಲಕ್ಕೆ. ಹೊಡೆದೆ. ಚೆಂಡು ಒಣ ಹುಲ್ಲಿನ ಮೇಲೆ ಸರಸರ ಹೋಗಿ ಉಬ್ಬು ಹತ್ತಿತು, ನಿಂತೇಬಿಟ್ಟಿತು ಅನ್ನುವಷ್ಟು ನಿಧಾನವಾಯಿತು, ಆಮೇಲೆ ಎಡಕ್ಕೆ ಹೊರಳಿ ಇಳಿಜಾರಿನಲ್ಲಿ ತಾನಾಗಿ ಉರುಳಿಕೊಂಡು ಹೋಗಿ ಗುಳಿಯಿಂದ ಆರು ಅಡಿ ದೂರದಲ್ಲಿ ನಿಂತಿತು. ಲಿಂಕ್ಸ್ ಅಂದರೆ ಏನು ಅಂತ ಗೊತ್ತಾದದ್ದು ಆವತ್ತು. ಸಮುದ್ರಕ್ಕೂ ಹೊಲಗಳಿಗೂ ನಡುವಿನ ಮರಳು ನೆಲ ಅದು. ಬಿದ್ದ ಮಳೆ ಬೇಗ ಇಂಗಿಹೋಗುತ್ತದೆ, ನೆಲ ಗಟ್ಟಿಯಾಗಿರುತ್ತದೆ, ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ. ಗಾಳಿಯಂತೂ ಇದ್ದೇ ಇರುತ್ತದೆ. ಎತ್ತರಕ್ಕೆ ಹೊಡೆಯುವುದಕ್ಕಿಂತ ನೆಲದ ಮೇಲೆ ಉರುಳಿಸುವುದೇ ಬುದ್ಧಿವಂತಿಕೆ. ನಿಮ್ಮ ಹ್ಯಾಂಡಿಕ್ಯಾಪಿಗೆ ಇದು ಅನುಕೂಲವೇ, ಏಕೆಂದರೆ ಉರುಳಿಸಲು ಜಾಸ್ತಿ ಬಲ ಬೇಡ.

ಒಂದೇ ಸಲ ಆಡಿದರೆ ಓಲ್ಡ್ ಕೋರ್ಸ್ ಇಷ್ಟವಾಗದೆಯೂ ಹೋಗಬಹುದು. ಅಮೆರಿಕದ ಆಟಗಾರ ಬಾಬಿ ಜೋನ್ಸ್ ಕಥೆಯೇ ಇದೆಯಲ್ವಾ. 1921ರಲ್ಲಿ ಮೊದಲ ಸಲ ಬಂದಾಗ 11ನೇ ಹೋಲ್‌ನಲ್ಲಿ ಸಿಟ್ಟು ಬಂದು ಆಟವನ್ನೇ ಬಿಟ್ಟರು. 1927ರಲ್ಲಿ ಅದೇ ಕೋರ್ಸಿನಲ್ಲಿ ಓಪನ್ ಗೆದ್ದರು. ಮುಂದೆ ಆ ಊರು ಅವರನ್ನು ಕರೆದು ಗೌರವ ಪೌರತ್ವ ಕೊಟ್ಟಿತು, 1958ರಲ್ಲಿ.

ಅಲ್ಲಿಂದ ಕಾರಿನಲ್ಲಿ ಗಂಟೆಯೊಳಗೆ ಕಾರ್ನೂಸ್ಟಿ. ಕಷ್ಟದ ಕೋರ್ಸ್, ಸುಳ್ಳು ಹೇಳುವುದಿಲ್ಲ. 18ರಲ್ಲಿ ಬ್ಯಾರಿ ಬರ್ನ್ ಎಂಬ ತೊರೆ ಸುತ್ತಿ ಸುತ್ತಿ ಅಡ್ಡ ಬರುತ್ತದೆ. 1999ರಲ್ಲಿ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತ ಮುಂದಿದ್ದವರು ಈ ಹೋಲ್‌ನಲ್ಲಿ 7 ಮಾಡಿ, ಪ್ಲೇಆಫ್‌ನಲ್ಲಿ ಓಪನ್ ಕಳೆದುಕೊಂಡರು. ಅದೇ ನೀರಿನ ಮುಂದೆ ನಿಂತಾಗ ಕೈ ತಣ್ಣಗಾಗುತ್ತದೆ.

ಕೊನೆಯ ಮೂರು ದಿನಕ್ಕೆ ಉತ್ತರಕ್ಕೆ, ರಾಯಲ್ ಡಾರ್ನಾಕ್‌ಗೆ ಹೋಗಿ. ದೂರ ಇದೆ, ಅರ್ಧ ದಿನ ಹಿಡಿಯುತ್ತದೆ. ಆದರೂ ಹೋಗಿ. ನನಗೆ ಎಲ್ಲಕ್ಕಿಂತ ಪ್ರೀತಿಯ ಕೋರ್ಸ್ ಇದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಮೇ ಕೊನೆಗೆ ಗಾರ್ಸ್ ಪೊದೆಗಳ ಹಳದಿ ಹೂವು, ಪಕ್ಕದಲ್ಲೇ ಕಡಲು. ಗ್ರೀನ್‌ಗಳು ಬೋರಲು ಹಾಕಿದ ತಟ್ಟೆಯ ಹಾಗೆ. ಸ್ವಲ್ಪ ತಪ್ಪಿದರೂ ಚೆಂಡು ಅಂಚಿನಿಂದ ಜಾರಿ ಕೆಳಗಿಳಿಯುತ್ತದೆ. ಈ ಊರಲ್ಲಿ 1872ರಲ್ಲಿ ಹುಟ್ಟಿದ ಡೊನಾಲ್ಡ್ ರಾಸ್ ಅಮೆರಿಕಕ್ಕೆ ಹೋಗಿ ಪೈನ್‌ಹರ್ಸ್ಟ್ ನಂ. 2 ಮಾಡಿದರು. ಯುಎಸ್ ಓಪನ್‌ನಲ್ಲಿ ಅಲ್ಲಿನ ಗ್ರೀನ್‌ಗಳಿಂದ ಚೆಂಡು ಜಾರುವುದನ್ನು ಟಿವಿಯಲ್ಲಿ ನೋಡಿರುತ್ತೀರಲ್ಲ, ಅದರ ತವರುಮನೆ ಡಾರ್ನಾಕ್.

ಸ್ಕಾಟ್‌ಲೆಂಡ್ ಬೇಡ ಅಂದರೆ ಐರ್ಲೆಂಡಿನ ಪಶ್ಚಿಮ ಕರಾವಳಿ. ಬ್ಯಾಲಿಬನಿಯನ್‌ನಲ್ಲಿ ಮೊದಲ ಟೀ ಬಲಕ್ಕೇ ಸ್ಮಶಾನ. ಲಾಹಿಂಚ್‌ನಲ್ಲಿ ಡೆಲ್ ಅನ್ನುವ ಪುಟ್ಟ ಹೋಲ್‌ನಲ್ಲಿ ಗ್ರೀನ್ ಎರಡು ದಿಬ್ಬಗಳ ಮಧ್ಯೆ ಅಡಗಿದೆ, ಕಾಣುವುದೇ ಇಲ್ಲ. ಅಲ್ಲಿನ ಮೇಕೆಗಳು ಕ್ಲಬ್‌ಹೌಸ್ ಹತ್ತಿರ ಬಂದು ನಿಂತರೆ ಮಳೆ ಗ್ಯಾರಂಟಿ ಅನ್ನುತ್ತಾರೆ.

ಅಮೆರಿಕಕ್ಕೇ ಹೋಗುವುದಾದರೆ ಎಲ್ಲರೂ ಹೇಳುವುದು ಪೆಬಲ್ ಬೀಚ್. 1919ರ ಕೋರ್ಸ್, ನಿಜಕ್ಕೂ ಚೆಂದ. ಏಳನೇ ಹೋಲ್ ನೂರು ಗಜಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಸಮುದ್ರದ ಗಾಳಿ ಎದುರಾದರೆ ಯಾವ ಕ್ಲಬ್ (ಕೋಲು) ಹಿಡಿಯಬೇಕು ಅಂತಲೇ ತಿಳಿಯುವುದಿಲ್ಲ. ದುಬಾರಿ ಮಾತ್ರ ವಿಪರೀತ. ಅಷ್ಟೇ ದುಡ್ಡಿದ್ದರೆ ನಾನು ಆರೆಗಾನ್‌ನ ಬ್ಯಾಂಡನ್ ಡ್ಯೂನ್ಸ್‌ಗೆ ಹೋಗುತ್ತೇನೆ. 1999ರಲ್ಲಿ ಶುರುವಾಯಿತು, ಈಗ ಒಂದೇ ಜಾಗದಲ್ಲಿ ಐದು ದೊಡ್ಡ ಕೋರ್ಸ್‌ಗಳಿವೆ. ನಡೆದೇ ಆಡಬೇಕು, ಗಾಡಿ ಇಲ್ಲ. ಇಂಥದ್ದೇ ಇನ್ನೊಂದು ಟಾಸ್ಮೇನಿಯಾದ ಬಾರ್ನ್‌ಬೂಗಲ್. ಆಲೂಗಡ್ಡೆ ಬೆಳೆಯುವ ಜಮೀನಿನ ಅಂಚಿನ ಮರಳ ದಿಬ್ಬಗಳಲ್ಲಿ ಮಾಡಿದ್ದು. ಅಲ್ಲಿನ ಲಾಸ್ಟ್ ಫಾರ್ಮ್ ಕೋರ್ಸಿನಲ್ಲಿ 18 ಅಲ್ಲ, 20 ಹೋಲ್‌ಗಳು.

ನ್ಯೂಯಾರ್ಕ್ ಹತ್ತಿರದ ಬೆತ್‌ಪೇಜ್ ಬ್ಲ್ಯಾಕ್ ಈಗ ಬೇಡ. ಸರ್ಕಾರಿ ಪಾರ್ಕಿನ ಕೋರ್ಸ್ ಆದರೂ, ಚೆನ್ನಾಗಿ ಆಡಬಲ್ಲವರು ಮಾತ್ರ ಬನ್ನಿ ಅಂತ ಮೊದಲ ಟೀ ಹತ್ತಿರ ಬೋರ್ಡೇ ಹಾಕಿದ್ದಾರೆ. ಹ್ಯಾಂಡಿಕ್ಯಾಪ್ ಹತ್ತಕ್ಕೆ ಇಳಿದ ಮೇಲೆ ಅದನ್ನು ನೋಡೋಣ.

ಹೊರಡುವ ಮುಂಚೆ ಎರಡು ಕೆಲಸ ಮಾಡಿ. ಇಬ್ಬರ ಹ್ಯಾಂಡಿಕ್ಯಾಪ್ ದಾಖಲೆ ಫೋನಿನಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ, ಓಲ್ಡ್ ಕೋರ್ಸಿನಲ್ಲಿ ಕೇಳುತ್ತಾರೆ. ಇನ್ನೊಂದು, ಈಗಿನಿಂದಲೇ ಗ್ರೀನ್‌ನ ಹೊರಗಿನಿಂದ, 30–40 ಗಜದಿಂದ, ಪಟರ್‌ನಲ್ಲಿ ಹೊಡೆದು ಅಭ್ಯಾಸ ಮಾಡಿ. ಯಾವ ತಿಂಗಳು ಹೋಗುತ್ತೀರಿ ಅಂತ ತಿಳಿಸಿದರೆ ದಿನದ ಲೆಕ್ಕ ಹಾಕಿಕೊಡುತ್ತೇನೆ.