ಮಾತ್ರೆಯಿಂದಲೇ ಮಗುವಿಗೆ ಮಾತು ತಡವಾಯಿತಾ?

ಬಸುರಿಯಾಗಿದ್ದಾಗ ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲೀನ್ ಮಾತ್ರೆ ತಗೊಂಡಿದ್ದಕ್ಕೇ ಎರಡು ವರ್ಷದ ಮಗ ಇನ್ನೂ ಮಾತಾಡ್ತಿಲ್ವಾ, ಆಟಿಸಂ ಇರಬಹುದಾ ಅಂತ ಕೇಳಿದ್ದೀರಿ. ಮಾತ್ರೆಯನ್ನು ಹಾಗೆ ದೂರಲು ಗಟ್ಟಿ ಆಧಾರ ಇಲ್ಲ. ಸ್ವೀಡನ್‌ನ 15 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. ಒಂದು ಮಗು ಹೊಟ್ಟೆಯಲ್ಲಿದ್ದಾಗ ಮೊದಲ ತಿಂಗಳುಗಳಲ್ಲಿ ಇಂಥ ಮಾತ್ರೆ ತಗೊಂಡಿದ್ದಳು, ಇನ್ನೊಂದಕ್ಕೆ ಇಲ್ಲ. ಆಟಿಸಂನಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಮಾತ್ರ ಸ್ವಲ್ಪ ಜಾಸ್ತಿ ಇತ್ತು.

ಮಾತ್ರೆಗೆ ಮೊದಲು ಅನ್ನ ಸೇರ್ತಿರಲಿಲ್ಲ, ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದೆ ಅಂದಿದ್ದೀರಿ. ಹಾಗೇ ಮುಂದುವರಿದಿದ್ದರೆ ಮಗುವಿಗೂ ತೊಂದರೆಯೇ, ಅಲ್ವಾ? ಮಾತ್ರೆಯನ್ನು ದೂರುವ ನಿಮ್ಮ ಅತ್ತೆಯವರು ಅದನ್ನು ಲೆಕ್ಕಕ್ಕೇ ತಗೊಂಡಿಲ್ಲ. ಓದಿ ಸಂಕಟವಾಯಿತು.

ಮೊದಲು ಮಗನ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನವರೇ ಆದ್ದರಿಂದ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಕಿವಿ, ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ. ಬೆನ್ನ ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಅಂತ ಗಮನಿಸಿ ಅವರಿಗೆ ಹೇಳಿ. ಗಂಡುಮಕ್ಕಳಿಗೆ ಮಾತು ತಡ ಅಂತ ಸುಮ್ನೆ ಕಾಯಬೇಡಿ.

ಮಾತ್ರೆ ಈಗಲೂ ನಡೀತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.